ಕೋವಿಗೂ ಒಂದು ಎಫ್‌ಸಿ ಬೇಕು

ಬೀರೂರು ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ರೈಲ್ವೆ ಜಂಕ್ಷನ್, ತೆಂಗು, ಅಡಿಕೆ. ಆದರೆ ಬೀರೂರು, ತರೀಕೆರೆ ಕಡೆಯ ಕೆಲವು ತೋಟದ ಮನೆಗಳಲ್ಲಿ ಇನ್ನೊಂದು ವಸ್ತುವೂ ಇರುತ್ತೆ: ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿ. ಅಜ್ಜನ ಕಾಲದ ಕೋವಿಯ ಸೇಫ್ಟಿ ಸ್ವಿಚ್ ಸವೆದರೆ ಕಂಪನಿ ಪಾರ್ಟ್ ಸಿಗೋದು ಕಷ್ಟ. ಆಗ "ಯಾವುದೋ ಒಂದು ಹಾಕ್ಸಿದ್ರಾಯ್ತು" ಅನ್ನೋ ಮಾತು ಬರುತ್ತೆ. ನನ್ನ ತಕರಾರು ಇರೋದು ಆ ಮಾತಿನ ಮೇಲೆ.

ಬೈಕಿನ ಕನ್ನಡಿ ಡೂಪ್ಲಿಕೇಟ್ ಆದ್ರೆ ಪ್ರಾಣವೇನೂ ಹೋಗಲ್ಲ ಬಿಡಿ. ಸೇಫ್ಟಿ ಹಾಗಲ್ಲ. ಹೆಚ್ಚಿನ ಶಾಟ್‌ಗನ್‌ಗಳಲ್ಲಿ ಅದು ತಡೆಯೋದು ಟ್ರಿಗರನ್ನು ಮಾತ್ರ. ಒಳಗೆ ಹ್ಯಾಮರ್ ಸ್ಪ್ರಿಂಗಿನ ಒತ್ತಡದಲ್ಲಿ ನಿಂತೇ ಇರುತ್ತೆ. ಅದನ್ನು ಹಿಡಿದಿರೋದು ಸಿಯರ್ ಅನ್ನೋ ಒಂದು ಸಣ್ಣ ಅಂಚು. ಅದು ಸವೆದಿದ್ದು ಕೋವಿ ಕೆಳಗೆ ಬಿದ್ದರೆ, ಸೇಫ್ಟಿ ಆನ್ ಇದ್ದರೂ ಈಡು ಹಾರಬಹುದು.

ಫಿಟ್ಸ್, ಟಾಲರೆನ್ಸ್ ಅಂತ ನಾವು ಪರೀಕ್ಷೆಗೆ ಓದ್ತೀವಿ. ಇಲ್ಲಿ ಅದೇ ಲೆಕ್ಕ. ಹೊಸ ಪಾರ್ಟ್ ಒಂದಿಷ್ಟು ಸಡಿಲ ಇದ್ದರೂ ಟ್ರಿಗರ್ ಪೂರ್ತಿ ನಿಲ್ಲದೆ ಸ್ವಲ್ಪ ಸರಿಯುತ್ತೆ. ಸ್ವಿಚ್ ನೋಡಿದ್ರೆ "ಆನ್". ಸೇಫ್ಟಿ ಇಲ್ಲ ಅಂತ ಗೊತ್ತಿರೋನು ಎಚ್ಚರವಾಗಿರ್ತಾನೆ. ಇದೆ ಅಂತ ನಂಬಿದವನು ಮೈಮರೀತಾನೆ.

ಆಫ್ಟರ್‌ಮಾರ್ಕೆಟ್ ಎಲ್ಲಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅಮೆರಿಕದ ಮಾಸ್‌ಬರ್ಗ್ 500 ಕೋವಿಯ ಪ್ಲಾಸ್ಟಿಕ್ ಸೇಫ್ಟಿ ತೆಗೆದು ಲೋಹದ್ದು ಹಾಕಿಸುವವರಿದ್ದಾರೆ. ಆದರೆ ಅದು ಆ ಮಾದರಿಗೇ ಅಂತ ಮಾಡಿದ ಪಾರ್ಟ್. ನಮ್ಮ ಹಳೇ ಕೋವಿಗೆ ಅರದಿಂದ ಉಜ್ಜಿ ಉಜ್ಜಿ ಕೂರಿಸಬೇಕಾಗುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡೋ ಅಂಗಡಿಗೂ ಲೈಸೆನ್ಸ್ ಬೇಕು. ಪರಿಚಯದ ಲೇತ್ ಅಂಗಡಿಯಲ್ಲಿ ಮಾಡಿಸೋ ಕೆಲಸ ಅಲ್ಲ ಇದು.

"ಸರಿ, ಅಂಥ ಅಂಗಡಿ ಹತ್ತಿರದಲ್ಲಿ ಎಲ್ಲಿದೆ ಹೇಳಪ್ಪಾ" ಅಂತ ರೈತರು ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ಬರೀ ಕಾನೂನು ತೋರಿಸಿದ್ರೆ ಸಾಲದು. 2019ರ ತಿದ್ದುಪಡಿ ಆದಮೇಲೆ ಕೋವಿ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಚುನಾವಣೆ ಬಂದಾಗ ಹೇಗೂ ಕೋವಿಗಳು ಠಾಣೆಯಲ್ಲಿ ಠೇವಣಿ ಆಗ್ತವೆ. ಆಗ ಕಾಗದ, ನಂಬರ್ ಜೊತೆಗೆ ಸೇಫ್ಟಿ, ಟ್ರಿಗರ್ ಸರಿ ಇದೆಯಾ ಅಂತಲೂ ನೋಡಲಿ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧ ಗೊತ್ತಿರುವವರು ಇದ್ದಾರೆ. ಕೆಟ್ಟಿದ್ರೆ ಒಂದು ಚೀಟಿ ಬರೆದು, ಲೈಸೆನ್ಸ್ ಇರೋ ರಿಪೇರಿಯವರ ವಿಳಾಸ ಕೊಡಲಿ. ಆಟೋಗೆ, ಲಾರಿಗೆ ಎಫ್‌ಸಿ ಕೇಳೋ ಸರ್ಕಾರ ಕೋವಿಗೂ ಕೇಳಬಹುದಲ್ವಾ?

ಅದು ಬರೋವರೆಗೆ, ಊರಲ್ಲಿ ಕೋವಿ ಇರೋ ಮನೆಯವರು ಇಷ್ಟು ಮಾಡಿ. ಬೇಲಿ ದಾಟುವಾಗ, ಮನೆಯೊಳಗೆ ಬರುವಾಗ ತೋಟಾ ತೆಗೆದುಬಿಡಿ. ನಳಿಗೆ ಯಾರ ಕಡೆಗೂ ತಿರುಗಿಸಬೇಡಿ. ಸ್ವಿಚ್ ಆನ್ ಇದೆ ಅನ್ನೋದು ಧೈರ್ಯಕ್ಕೆ ಕಾರಣ ಆಗಬಾರದು.