ಕೊಟ್ಟಿಗೆಯ ಕಾರಿಗೂ ಒಂದು ಪರೀಕ್ಷೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಕಟ್ಟುವ ವಿಚಾರವಾಗಿ ಲೇಖನ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವವನಿಗೆ ಸ್ಪ್ಯಾನರಿನ ಉಸಾಬರಿ ಏಕೆ? ಆದರೆ ನಾನು ಹೇಳಹೊರಟಿರುವುದು ಬರಿಯ ಯಂತ್ರದ ಮಾತಲ್ಲ. ಕಾನೂನಿನ ಮಾತು, ನ್ಯಾಯದ ಮಾತು, ಕೈಕೆಲಸಕ್ಕೆ ನಮ್ಮ ಸಮಾಜ ಕೊಡುವ ಬೆಲೆಯ ಮಾತು. ಇವು ಕಲಾ ವಿದ್ಯಾರ್ಥಿಯ ವಿಷಯವಲ್ಲದಿದ್ದರೆ ಮತ್ತಾರ ವಿಷಯ? ತನ್ನ ಕೈಯಿಂದ ಮನೆಯಲ್ಲಿಯೇ ಒಂದು ಕಾರನ್ನು ಕಟ್ಟಿದವನಿಗೆ, ಅದನ್ನು ಪರೀಕ್ಷೆಗೆ ಒಡ್ಡುವ ಅವಕಾಶವನ್ನು ಸರ್ಕಾರ ಕೊಡಬೇಕು ಎಂಬುದೇ ನನ್ನ ವಾದದ ಸಾರ. ಅದನ್ನು ಪಾಸು ಮಾಡಲೇಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಕೂರಿಸಬೇಕು ಎನ್ನುತ್ತಿದ್ದೇನೆ.

ಮೊದಲು ‘ಕಿಟ್ ಕಾರು’ ಎಂದರೇನೆಂಬುದನ್ನು ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಪೂರ್ತಿ ತಯಾರಾದ ವಾಹನವನ್ನು ಕೊಳ್ಳುವ ಬದಲು, ಬಿಡಿಭಾಗಗಳ ಒಂದು ಕಟ್ಟನ್ನು ತಂದು, ಇಲ್ಲವೆ ಚೌಕಟ್ಟನ್ನು ತಾನೇ ಬೆಸೆದು, ಹಳೆಯ ಕಾರೊಂದರ ಎಂಜಿನ್ನು, ಗೇರುಪೆಟ್ಟಿಗೆ, ಚಕ್ರಗಳನ್ನು ಅದಕ್ಕೆ ಕೂಡಿಸಿ, ಮನೆಯ ಸಣ್ಣ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳುವ ಕಾರು ಅದು. ಹವ್ಯಾಸಿಗಳ ಈ ಕೆಲಸ ಇಂಗ್ಲೆಂಡಿನಲ್ಲಿ ಬಹು ಹಿಂದೆಯೇ ಬೇರೂರಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ ಕಾಲಿನ್ ಚಾಪ್‌ಮನ್ ಎಂಬ ತರುಣ, ೧೯೪೮ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ತಾನು ಮದುವೆಯಾಗಲಿದ್ದ ಹುಡುಗಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ. ೧೯೫೨ರಲ್ಲಿ ಅವನದೇ ಲೋಟಸ್ ಕಂಪನಿ ಹುಟ್ಟಿತು. ೧೯೫೭ರಲ್ಲಿ ಬಂದ ‘ಲೋಟಸ್ ಸೆವೆನ್’ ಅನ್ನು ಬಿಡಿಭಾಗಗಳಾಗಿಯೂ ಕೊಳ್ಳಬಹುದಾಗಿತ್ತು. ಹಾಗೆ ಕೊಂಡರೆ ಆಗಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಆದರೆ ಜೋಡಿಸುವ ಸೂಚನೆಗಳನ್ನು ಜೊತೆಯಲ್ಲಿಟ್ಟರೆ ತೆರಿಗೆ ಬೀಳುತ್ತಿತ್ತಾದ್ದರಿಂದ, ಕಂಪನಿಯವರು ‘ಬಿಚ್ಚುವ ಕ್ರಮ’ವನ್ನು ಮುದ್ರಿಸಿ ಕೊಟ್ಟರಂತೆ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಂತೆ! ಗ್ಯಾರೇಜಿನಲ್ಲಿ ಹುಟ್ಟಿದ ಆ ಲೋಟಸ್ ಮುಂದೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಏಳು ಬಾರಿ ತಯಾರಕರ ವಿಶ್ವವಿಜೇತ ಪಟ್ಟವನ್ನು ಗೆದ್ದಿತು. ೧೯೯೬ರಲ್ಲಿ ಔಂಡಲ್ ಎಂಬ ಶಾಲೆಯ ಅಧ್ಯಾಪಕ ರಾನ್ ಚಾಂಪಿಯನ್, ಕೇವಲ ೨೫೦ ಪೌಂಡುಗಳಲ್ಲಿ ಇಂತಹ ಕಾರನ್ನು ಕಟ್ಟುವ ಬಗೆಯನ್ನು ತಿಳಿಸುವ ಪುಸ್ತಕವನ್ನೇ ಬರೆದರು. ಅಧ್ಯಾಪಕರು ಬರೆದ ಪುಸ್ತಕದಿಂದ ಲೋಕದ ನಾನಾ ಕಡೆ ಕಾರುಗಳು ಎದ್ದು ನಿಂತವೆಂಬುದು ನಮ್ಮ ಅಧ್ಯಾಪಕ ವರ್ಗಕ್ಕೂ ಸಂತೋಷದ ಸಂಗತಿಯಾಗಬಹುದು.

ನಮ್ಮವರಲ್ಲಿ ಇಂತಹ ಕೈಗಳು ಇರಲಿಲ್ಲವೆ? ಇದ್ದವು. ನಮ್ಮ ಗಡಿಗೆ ಹೊಂದಿಕೊಂಡ ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ೧೯೪೯ರಲ್ಲಿಯೇ ‘ಮೀರಾ’ ಎಂಬ ಪುಟ್ಟ ಕಾರಿನ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಹೆಚ್ಚಿನ ಶಾಲಾ ವಿದ್ಯೆಯಿಲ್ಲದ ಅವರು ೧೯೭೦ರ ದಶಕದವರೆಗೂ ಅದನ್ನು ತಿದ್ದುತ್ತ ಹೋದರು. ಸಾಮಾನ್ಯನ ಕೈಗೆಟುಕುವ ಕಾರು ಅವರ ಕನಸು. ಆದರೆ ಅದು ಮಾರುಕಟ್ಟೆಯನ್ನು ಕಾಣಲೇ ಇಲ್ಲ. ಅದಕ್ಕೂ ಮುಂಚೆ, ೧೯೩೦ರ ದಶಕದಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯನ್ನು ತೆರೆಯಲು ಯೋಜನೆ ಹಾಕಿದ್ದರು. ಪರಕೀಯ ಆಳ್ವಿಕೆಯಲ್ಲಿ ಅದು ಕೈಗೂಡಲಿಲ್ಲ. ಕೈಗೂಡಿದ ಉದಾಹರಣೆಯೂ ಒಂದಿದೆ. ಬೆಂಗಳೂರಿನ ಚೇತನ್ ಮೈನಿಯವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೂರ್ಯಶಕ್ತಿಯ ಕಾರೊಂದನ್ನು ಕಟ್ಟುವ ತಂಡದಲ್ಲಿದ್ದರು. ಆ ಕಾರು ೧೯೯೦ರಲ್ಲಿ ಆಸ್ಟ್ರೇಲಿಯಾದ ಪಂದ್ಯದಲ್ಲಿ ಮೂರನೆಯದಾಗಿ ಬಂತು. ಅದೇ ತರುಣ ೨೦೦೧ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರನ್ನು ಬೀದಿಗಿಳಿಸಿದರು. ಉಕ್ಕಿನ ಕೊಳವೆಗಳ ಹಂದರಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ: ಮನೆಯಲ್ಲಿ ಕಾರು ಕಟ್ಟುವವರೂ ಅನುಸರಿಸುವ ಕ್ರಮವೇ ಅದು. ವಿದ್ಯಾರ್ಥಿದೆಸೆಯಲ್ಲಿ ಸಿಕ್ಕಿದ ಒಂದು ಅವಕಾಶ ಎಲ್ಲಿಗೆ ಮುಟ್ಟಿಸುತ್ತದೆಂಬುದನ್ನು ನೋಡಿ!

ಇನ್ನು ನಮ್ಮ ಮಲೆನಾಡಿಗೆ ಬರೋಣ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜನರಿಗೆ ಕೈಚಳಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಶ್ರೀಗಂಧದ ತುಂಡಿನಲ್ಲಿ ಕೂದಲೆಳೆಯ ಅಳತೆ ತಪ್ಪದಂತೆ ಕೊರೆಯುವ ಗುಡಿಗಾರರು ನಮ್ಮವರು. ಅಡಿಕೆ ಸುಲಿಯುವ ಯಂತ್ರವನ್ನು ಊರಿನ ಸಣ್ಣ ವರ್ಕ್‌ಶಾಪುಗಳಲ್ಲಿ ತಿದ್ದಿ ತೀಡಿ ಬಳಕೆಗೆ ತಂದವರು ನಮ್ಮವರು. ಹಳೆಯ ಬೈಕಿನ ಎಂಜಿನ್ನಿಗೆ ತಳ್ಳುಗಾಡಿಯನ್ನು ಜೋಡಿಸಿ ತೋಟದೊಳಗೆ ಗೊಬ್ಬರ ಸಾಗಿಸುವವರೂ ನಮ್ಮವರೇ. ಇಂತಹ ನಾಡಿನ ಒಬ್ಬ ಹುಡುಗ ಕಾರು ಕಟ್ಟಲು ಹೊರಟರೆ ಆಶ್ಚರ್ಯವೇನು?

ನನ್ನ ಚಿಕ್ಕಪ್ಪನ ಮಗ ಐ.ಟಿ.ಐ. ಮುಗಿಸಿದವನು. ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ, ಹಿಂದೆ ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಹನ್ನೆರಡಡಿ ಅಗಲದ ಕೊಟ್ಟಿಗೆಯಲ್ಲಿ, ಎರಡು ವರ್ಷ ಬಿಡುವಿನ ವೇಳೆಯಲ್ಲೆಲ್ಲ ದುಡಿದು ಅವನು ಎರಡು ಆಸನಗಳ ಒಂದು ಕಾರನ್ನು ಕಟ್ಟಿದ. ರಜೆಯಲ್ಲಿ ಊರಿಗೆ ಹೋದಾಗ ಬೆಳಕು ಹಿಡಿಯುವುದು, ಅಳತೆ ಬರೆದುಕೊಳ್ಳುವುದು ನನ್ನ ಕೆಲಸ. ಮಾರುತಿ ೮೦೦ರ ೭೯೬ ಸಿ.ಸಿ. ಎಂಜಿನ್ನನ್ನು ಅವನು ಆರಿಸಿದ್ದಕ್ಕೆ ಕಾರಣವಿತ್ತು. ಆ ಕಾರು ೧೯೮೩ರಿಂದ ೨೦೧೪ರವರೆಗೆ ತಯಾರಾದುದರಿಂದ ಅದರ ಬಿಡಿಭಾಗಗಳು ಯಾವ ಪೇಟೆಯಲ್ಲಿಯೂ ಸಿಗುತ್ತವೆ. ಎಂಜಿನ್ನು, ಗೇರುಪೆಟ್ಟಿಗೆಗಳೆರಡೂ ಅಡ್ಡಲಾಗಿ ಒಂದೇ ಗಡ್ಡೆಯಂತೆ ಕೂತಿರುವುದರಿಂದ ಇಡಿಯಾಗಿ ಎತ್ತಿ ಆಸನದ ಹಿಂದಕ್ಕೆ ಇಟ್ಟುಬಿಡಬಹುದು. ಚೌಕಟ್ಟಿಗೆ ಚೌಕ ಕೊಳವೆಗಳು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣಗಳೂ ಸಮವಾದ ಮೇಲೆಯೇ ಬೆಸುಗೆ. ಒಂದು ನೂಲಿನಷ್ಟು ಹೆಚ್ಚು ಕಡಮೆಯಾದರೂ ಕಾರು ನೆಟ್ಟಗೆ ಓಡುವುದಿಲ್ಲ. ನಾಲ್ಕು ಕೋಲುಗಳ ಚೌಕ ಒತ್ತಿದರೆ ವಾಲುತ್ತದೆ, ಮೂರು ಕೋಲುಗಳ ತ್ರಿಕೋನ ವಾಲುವುದಿಲ್ಲ; ಆದ್ದರಿಂದ ಚೌಕಕ್ಕೊಂದು ಓರೆ ಕೊಳವೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ರೇಖಾಗಣಿತ ನನಗೆ ಅರ್ಥವಾದದ್ದು ಆ ಕೊಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಬೆಸುಗೆಯ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕೆಂಪು ತುಕ್ಕು ಏಳುತ್ತಿತ್ತು. ಉಜ್ಜಿ ಬಣ್ಣ ಬಳಿಯುವುದೇ ಒಂದು ವ್ರತವಾಯಿತು. ಬ್ರೇಕಿನ ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಪೆಡಲು ಮೆತ್ತಗಾಗುತ್ತದೆ, ಏಕೆಂದರೆ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪೆಡಲು ಕಲ್ಲಿನಂತೆ ನಿಲ್ಲುವವರೆಗೆ ಅವನು ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅಜಾಗರೂಕನ ಲಕ್ಷಣವೆ ಇದು?

ಕಾರು ಓಡಿತು, ಅಂಗಳದಲ್ಲಿ, ತೋಟದ ದಾರಿಯಲ್ಲಿ. ದಣಪೆಯಾಚೆ ಅದು ಹೋಗುವಂತಿಲ್ಲ. ಅವನು ಒಂದು ಕಚೇರಿಗೆ ಹೋಗಿ ವಿಚಾರಿಸಿದಾಗ, ‘ತಯಾರಕರ ಹೆಸರು’ ಎಂಬ ಜಾಗದಲ್ಲಿ ಏನು ಬರೆಯುತ್ತೀಯೆ ಎಂದು ಕೇಳಿದರಂತೆ. ತನ್ನ ಹೆಸರನ್ನೇ ಬರೆಯುತ್ತೇನೆಂದನಂತೆ. ಅವರು ನಕ್ಕು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಹಾಗೆಯೇ ಬರೆದಿದೆ.

ಆ ಪುಸ್ತಕವನ್ನು ನಾನೂ ನಮ್ಮ ಗ್ರಂಥಾಲಯದಲ್ಲಿ ತೆರೆದು ನೋಡಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯಕೂಡದು. ೧೯೮೯ರ ಕೇಂದ್ರ ನಿಯಮಗಳ ೧೨೬ನೆಯ ನಿಯಮದಂತೆ, ತಯಾರಕನಾದವನು ತನ್ನ ವಾಹನದ ಮಾದರಿಯನ್ನು ಪುಣೆಯ ಎ.ಆರ್.ಎ.ಐ. ಮೊದಲಾದ ಮಾನ್ಯ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಲಕ್ಷ ಕಾರುಗಳನ್ನು ಮಾರುವ ಕಂಪನಿಗೆ ಆ ಖರ್ಚು ಲಕ್ಷ ಜನರಲ್ಲಿ ಹಂಚಿಹೋಗುತ್ತದೆ. ಒಂದೇ ಕಾರನ್ನು ಕಟ್ಟಿದವನಿಗೆ? ಹಳೆಯ ಕಾರಿನ ನೋಂದಣಿಯಲ್ಲಿಯೇ ಓಡಿಸೋಣವೆಂದರೆ ೫೨ನೆಯ ಕಲಂ ಅಡ್ಡ ನಿಲ್ಲುತ್ತದೆ: ತಯಾರಕರು ಗೊತ್ತುಮಾಡಿದ ವಿವರಗಳಿಂದ ಬೇರೆಯಾಗುವ ಮಾರ್ಪಾಟು ಸಲ್ಲದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ವಿಧಿಸಲಾಯಿತು.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಹಳ್ಳಿಯ ಕಮ್ಮಾರರೊಬ್ಬರ ಕಥೆ ಅನೇಕರಿಗೆ ನೆನಪಿರಬಹುದು. ಗುಜರಿ ಸಾಮಾನುಗಳಿಂದ ಸುಮಾರು ಅರವತ್ತು ಸಾವಿರ ರೂಪಾಯಿಗಳಲ್ಲಿ, ಒದ್ದು ಚಾಲೂ ಮಾಡುವ ಪುಟ್ಟ ಜೀಪನ್ನು ಅವರು ಕಟ್ಟಿದ್ದರು. ೨೦೨೧ರ ಡಿಸೆಂಬರಿನಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಕಂಡು, ಇದು ನಿಯಮಗಳಿಗೆ ಒಪ್ಪುವುದಿಲ್ಲವೆಂದು ಹೇಳುತ್ತಲೇ ಆ ಜಾಣ್ಮೆಯನ್ನು ಮೆಚ್ಚಿಕೊಂಡರು. ಮರುತಿಂಗಳು ಜೀಪಿಗೆ ಬದಲಾಗಿ ಹೊಸ ಬೊಲೆರೊ ಕೊಟ್ಟರು. ಉದಾರವಾದ ಕೆಲಸ, ಸಂದೇಹವಿಲ್ಲ. ಆದರೆ ಯೋಚಿಸಿ ನೋಡಿ: ಆ ಜೀಪು ರಸ್ತೆಗೆ ಯೋಗ್ಯವೋ ಅಯೋಗ್ಯವೋ ಎಂದು ಅಳೆದು ಹೇಳುವ ದಾರಿಯೊಂದು ಅವರಿಗೆ ತೆರೆದಿರಲಿಲ್ಲ. ಬಹುಮಾನ ಬಂತು, ಪರೀಕ್ಷೆ ಬರಲಿಲ್ಲ. ದೇಶದ ಎಲ್ಲ ಕುಶಲಿಗಳಿಗೂ ಬೊಲೆರೊ ಹಂಚುವುದು ಯಾರಿಂದಲೂ ಆಗದು. ಆದರೆ ಎಲ್ಲರಿಗೂ ಒಂದು ಪರೀಕ್ಷೆಯನ್ನು ಏರ್ಪಡಿಸುವುದು ಸರ್ಕಾರದಿಂದ ಆಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಶಾಲೆಗೆ ಹೋಗಲಾಗದವನೂ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬಹುದು. ನೀನು ಯಾವ ಶಾಲೆಯಲ್ಲಿ ಓದಿದೆ ಎಂದು ಉತ್ತರಪತ್ರಿಕೆ ಕೇಳುವುದಿಲ್ಲ. ಉತ್ತರ ಸರಿಯೇ ಎಂದಷ್ಟೇ ಕೇಳುತ್ತದೆ. ಕೊಟ್ಟಿಗೆಯ ಕಾರೂ ಅಂತಹ ಖಾಸಗಿ ಅಭ್ಯರ್ಥಿ. ಅದಕ್ಕೆ ನಾವು ಪ್ರವೇಶಪತ್ರವನ್ನೇ ಕೊಡುತ್ತಿಲ್ಲ.

ಇದಕ್ಕೆ ಬರುವ ಆಕ್ಷೇಪ ಹಗುರವಾದುದಲ್ಲ. ಬೆಸುಗೆ ಬಿಟ್ಟರೆ ಸಾಯುವವನು ಕಟ್ಟಿದವನೊಬ್ಬನೇ ಅಲ್ಲ. ದಾರಿಯಲ್ಲಿ ನಡೆದು ಶಾಲೆಗೆ ಹೋಗುವ ಮಗುವೂ ಸಾಯಬಹುದು. ತಿರುವು ತಿರುವಿಗೂ ಪ್ರಪಾತವಿರುವ ಆಗುಂಬೆಯ ಘಾಟಿಯನ್ನು ಕಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಒಂದಿರುವ ಕಾರನ್ನು ಗೋಡೆಗೆ ಗುದ್ದಿಸಿ ನೋಡುವಂತೆಯೂ ಇಲ್ಲ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಒಪ್ಪುವುದರಿಂದಲೇ ಪರೀಕ್ಷೆಯನ್ನು ಕೇಳುತ್ತಿದ್ದೇನೆ. ಕಂಪನಿಯ ಮುದ್ರೆಯೊಂದೇ ಭದ್ರತೆಯ ಪ್ರಮಾಣವಲ್ಲವೆಂಬುದನ್ನೂ ನೆನೆಯಬೇಕು. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿದಾಗ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ.

ಬ್ರಿಟನ್ನಿನವರು ದಾರಿಯನ್ನು ಕಂಡುಕೊಂಡಿದ್ದಾರೆ. ಅಲ್ಲಿ ೧೯೯೮ರಲ್ಲಿ ಬಂದ ಬಿಡಿ ವಾಹನಗಳ ಪರೀಕ್ಷೆ ೨೦೦೯ರಿಂದ ಇನ್ನಷ್ಟು ಬಿಗಿಯಾಗಿದೆ. ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರದ ಪರೀಕ್ಷಕ ಬ್ರೇಕು, ಸ್ಟೀರಿಂಗು, ದೀಪ, ಆಸನಪಟ್ಟಿ, ಹೊಗೆ, ಸದ್ದು ಎಂದು ಒಂದೊಂದಾಗಿ ನೋಡುತ್ತಾನೆ. ಮೈಗೆ ತಗಲುವ ಅಂಚುಗಳು ಎರಡೂವರೆ ಮಿಲಿಮೀಟರಿನಷ್ಟಾದರೂ ದುಂಡಾಗಿರಬೇಕು. ತಪ್ಪಿದ್ದರೆ ಫೇಲು, ತಿದ್ದಿಕೊಂಡು ಮತ್ತೆ ಬರಬೇಕು. ನಮ್ಮಲ್ಲಿಯೂ ಇದಕ್ಕೆ ಹೋಲಿಕೆಯಿದೆ. ೨೦೦೭ರಿಂದ ನಡೆದುಬಂದಿರುವ ‘ಬಾಹಾ’ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ವಾಹನಗಳನ್ನು ತರುತ್ತಾರೆ. ಬ್ರೇಕು ಒತ್ತಿದಾಗ ನಾಲ್ಕು ಚಕ್ರಗಳೂ ಕಚ್ಚಿ ನಿಲ್ಲದಿದ್ದರೆ ಕಣಕ್ಕಿಳಿಯಲು ಬಿಡುವುದಿಲ್ಲ.

ಹಾಗಾದರೆ ನಮಗೆ ಬೇಕಾದುದೇನು? ಹೊಸ ಕಾಯಿದೆಯೂ ಬೇಕಿಲ್ಲ. ೨೦೧೯ರ ತಿದ್ದುಪಡಿಯಲ್ಲಿ ಸೇರಿದ ೨ಬಿ ಕಲಮಿನಂತೆ, ಹೊಸ ಶೋಧನೆಯನ್ನು ಪ್ರೋತ್ಸಾಹಿಸಲು ಕೆಲವು ಬಗೆಯ ವಾಹನಗಳಿಗೆ ಕಾಯಿದೆಯಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಬಾಗಿಲು ಇದೆ, ಕೀಲಿಯನ್ನು ತಿರುಗಿಸಬೇಕು. ಜಿಲ್ಲೆಯ ಪಾಲಿಟೆಕ್ನಿಕ್ಕಿನ ಅಧ್ಯಾಪಕರೊಬ್ಬರು, ಮೋಟಾರು ವಾಹನ ನಿರೀಕ್ಷಕರೊಬ್ಬರು ಕೂಡಿ ಪರೀಕ್ಷಿಸಲಿ. ಚೌಕಟ್ಟು ಬೆಸೆಯುವಾಗ ಒಮ್ಮೆ, ಬಣ್ಣ ಬಳಿಯುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಲಿ. ವೇಗಕ್ಕೆ ಮಿತಿ ಹಾಕಲಿ. ಬಾಡಿಗೆಗೆ ಓಡಿಸಬಾರದು, ಇಷ್ಟು ವರ್ಷ ಮಾರಬಾರದು, ವಿಮೆ ಇರಲೇಬೇಕು ಎನ್ನಲಿ. ಗುಜರಿಯ ಎಂಜಿನ್ನು ಕದ್ದ ಮಾಲಲ್ಲವೆಂಬುದಕ್ಕೆ ರಸೀದಿ ಕೇಳಲಿ. ಇಷ್ಟನ್ನೂ ದಾಟಲಾರದ ಕಾರು ತೋಟದಲ್ಲಿಯೇ ಉಳಿಯಲಿ. ಆಗ ಅದರ ಒಡೆಯನಿಗೆ ತಾನು ಎಲ್ಲಿ ಸೋತೆನೆಂಬುದಾದರೂ ತಿಳಿಯುತ್ತದೆ. ಈಗ ಅವನಿಗೆ ಸೋಲುವ ಹಕ್ಕೂ ಇಲ್ಲ.

ಇದರಿಂದ ಎಷ್ಟು ಕಾರುಗಳು ಬಂದಾವು? ಬಹಳ ಕಡಮೆ, ನಮ್ಮ ಮೂರು ತಾಲ್ಲೂಕುಗಳಲ್ಲಿ ಬೆರಳೆಣಿಕೆಯಷ್ಟು ಬಂದರೆ ಹೆಚ್ಚು. ಲೆಕ್ಕ ಇರುವುದು ಕಾರುಗಳದಲ್ಲ, ಕೈಗಳದು. ೧೯೩೭ರ ವರ್ಧಾ ಶಿಕ್ಷಣ ಯೋಜನೆ ಕೈಕೆಲಸವೇ ವಿದ್ಯೆಯ ತಳಹದಿಯೆಂದು ಸಾರಿತು; ನಾವು ಅದನ್ನು ಭಾಷಣಕ್ಕೆ ಬಿಟ್ಟುಕೊಟ್ಟೆವು. ಹೇಗೂ ಉಪಯೋಗವಿಲ್ಲವೆಂದು ಗೊತ್ತಾದ ಮೇಲೆ ಎಷ್ಟು ಹುಡುಗರು ಬೆಸುಗೆಯ ಕೋಲನ್ನು ಕೆಳಗಿಟ್ಟು ಬೆಂಗಳೂರಿನ ಬಸ್ಸು ಹತ್ತಿಲ್ಲ? ಊರಿನಲ್ಲಿಯೇ ಉಳಿದು ಏನನ್ನಾದರೂ ಕಟ್ಟಬೇಕೆಂಬ ಛಲವುಳ್ಳವನಿಗೆ ನಾವು ಹೇಳುವ ಮೊದಲ ಮಾತು ‘ಬೇಡ’ ಎಂದಾಗಬಾರದು. ‘ತಂದು ತೋರಿಸು, ನೋಡೋಣ’ ಎಂದಾಗಬೇಕು. ವಕೀಲರೋ, ಅಧಿಕಾರಿಗಳೋ, ಶಾಸಕರೋ ಆಗಲಿರುವವರು ನಮ್ಮ ಈ ಕಾಲೇಜಿನ ಬೆಂಚುಗಳಲ್ಲಿ ಈಗ ಕೂತಿದ್ದಾರೆ. ನಾಳೆ ಅವರ ಮೇಜಿನ ಮೇಲೆ ಇಂತಹ ಒಂದು ಅರ್ಜಿ ಬಂದಾಗ, ಅವರು ನಗದೆ ಅದನ್ನು ಪೂರ್ತಿಯಾಗಿ ಓದುವಂತಾಗಲಿ ಎಂಬುದೇ ನನ್ನ ವಿನಂತಿ.