ಗಣಕಲೋಕದ ನೀರುಗಂಟಿ

ನಮ್ಮ ಬಯಲುಸೀಮೆಯ ಊರುಗಳಲ್ಲಿ ಕೆರೆಯ ನೀರನ್ನು ಹಂಚುವುದಕ್ಕೆ ನೀರುಗಂಟಿಯೆಂಬ ಒಬ್ಬನಿರುತ್ತಿದ್ದನು. ತೂಬನ್ನು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬುದನ್ನು ನೋಡಿಕೊಳ್ಳುವವನು ಅವನೇ. ತೂಬಿನ ಬಳಿಯ ಗದ್ದೆಯವನು ಮನಬಂದಷ್ಟು ನೀರು ಕಟ್ಟಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆಯಷ್ಟೆ. ತನ್ನ ಸರದಿ ಮುಗಿದಾಗ ರೈತನು ನೀರುಗಂಟಿಯ ಮೇಲೆ ಗೊಣಗಿರಬಹುದು. ಆದರೆ ಅವನಿಲ್ಲದೆ ಊರಿಗೆ ನಡೆಯುತ್ತಿರಲಿಲ್ಲ.

ಇಂತಹ ನೀರುಗಂಟಿಯೊಬ್ಬನು ಇಂದು ಗಣಕಯಂತ್ರಗಳ ಲೋಕದಲ್ಲಿಯೂ ಇದ್ದಾನೆ. ನಾವು ತೆರೆಯುವ ಪ್ರತಿಯೊಂದು ಜಾಲತಾಣವೂ ಎಲ್ಲಿಯೋ ಹಗಲಿರುಳು ಎಚ್ಚರವಾಗಿರುವ ಗಣಕಯಂತ್ರದಲ್ಲಿ ನೆಲೆಸಿರುತ್ತದೆ. ಅದಕ್ಕೆ ಸರ್ವರ್ ಎಂದು ಹೆಸರು. ಪ್ರಪಂಚದ ಮೊದಲ ಜಾಲತಾಣವು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ, 1990ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಬಳಸುತ್ತಿದ್ದ ಒಂದೇ ಯಂತ್ರದಲ್ಲಿತ್ತು. ಇದು ಸರ್ವರ್, ಇದನ್ನು ಆರಿಸಬೇಡಿ ಎಂಬರ್ಥದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದರು. ಈಗಲಾದರೋ, ಅಲ್ಪ ಬಾಡಿಗೆ ತೆರುವವರ ಹಲವಾರು ತಾಣಗಳನ್ನು ಒಂದೇ ಯಂತ್ರದಲ್ಲಿ ಇರಿಸುವುದು ವಾಡಿಕೆ. ಆ ಯಂತ್ರದ ಲೆಕ್ಕಮಾಡುವ ಶಕ್ತಿ, ಅದರ ಸ್ಮರಣೆ, ಡಿಸ್ಕಿನಿಂದ ಓದುವ ವೇಗ ಎಲ್ಲವೂ ಕೆರೆಯ ನೀರಿನಂತೆ ಸರ್ವರಿಗೂ ಸೇರಿದವು. ಅವುಗಳನ್ನು ಪಾಲು ಮಾಡಿಕೊಡುವ ಉಪಾಯಗಳು ಹಲವಿವೆ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2006ರಲ್ಲಿ ಆರಂಭಿಸಿ, 2008ರಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಗೆ ಸೇರಿದ ‘ಕಂಟ್ರೋಲ್ ಗ್ರೂಪ್ಸ್’ ಅವುಗಳಲ್ಲೊಂದು.

ಪಾಲು ಮೀರಿದ ತಾಣ ನಿಧಾನವಾಗುತ್ತದೆ. ಇಲ್ಲವೆ 503 ಎಂಬ ಸಂಖ್ಯೆಯನ್ನು ತೋರಿಸಿ, ಸೇವೆ ಸದ್ಯಕ್ಕೆ ಲಭ್ಯವಿಲ್ಲವೆಂದು ಕೈಚೆಲ್ಲುತ್ತದೆ. ಆಗ ತಾಣದ ಒಡೆಯನು, ‘ಹಣ ಕೊಟ್ಟಿಲ್ಲವೆ? ನನಗೇಕೆ ಈ ಕಟ್ಟು?’ ಎಂದು ಸಿಡುಕುತ್ತಾನೆ. ಈ ಸಿಡುಕು ನನಗೆ ಸರಿಯೆನಿಸದು. ಒಂದು ಸಣ್ಣ ಲೆಕ್ಕವನ್ನು ನೋಡಿ. ಏಕಕಾಲಕ್ಕೆ 20 ಕೋರಿಕೆಗಳನ್ನು ಮಾತ್ರ ನಡೆಸಬಹುದೆಂಬ ಮಿತಿ ಇದೆಯೆನ್ನಿ. ಪುಟವೊಂದನ್ನು ಸಿದ್ಧಪಡಿಸಲು ಅರ್ಧ ಸೆಕೆಂಡು ಸಾಕಾದರೆ ಸೆಕೆಂಡಿಗೆ 40 ಜನರಿಗೆ ಉತ್ತರ ದೊರೆಯುತ್ತದೆ. ಅದೇ ಪುಟಕ್ಕೆ 2 ಸೆಕೆಂಡು ಹಿಡಿದರೆ 10 ಜನರಿಗೆ ಮಾತ್ರ. ಮಿತಿ ಬದಲಾಗಲಿಲ್ಲ, ಯಂತ್ರವೂ ಬದಲಾಗಲಿಲ್ಲ. ಪುಟ ಭಾರವಾಯಿತು, ಅಷ್ಟೆ. ಬಂದವರಿಗೆಲ್ಲ ಹೊಸದಾಗಿ ಅಡಿಗೆ ಮಾಡುವ ಬದಲು, ಒಮ್ಮೆ ಸಿದ್ಧಪಡಿಸಿದ ಪುಟವನ್ನೇ ತೆಗೆದಿಟ್ಟು ಎಲ್ಲರಿಗೂ ಬಡಿಸುವ ಕ್ರಮವೊಂದುಂಟು. ಇಂತಹ ಮಿತವ್ಯಯವನ್ನು ಅರಿಯದೆ ಹೆಚ್ಚಿನ ಬಾಡಿಗೆಯ ಯಂತ್ರಕ್ಕೆ ಓಡುವವರೇ ಬಹಳ.

ಹಾಗೆಂದು ತಪ್ಪೆಲ್ಲ ಬಾಡಿಗೆದಾರನದೇ ಎನ್ನಲಾಗದು. ಕೆಲವು ಸಂಸ್ಥೆಗಳು ‘ಅಪರಿಮಿತ’ ಎಂದು ದಪ್ಪಕ್ಷರಗಳಲ್ಲಿ ಜಾಹೀರಾತು ನೀಡಿ, ನಿಜವಾದ ಮಿತಿಯನ್ನು ಕರಾರುಪತ್ರದ ಸಣ್ಣ ಅಕ್ಷರಗಳಲ್ಲಿ ಅಡಗಿಸುತ್ತವೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೂ, ಏಕಕಾಲಕ್ಕೆ ಎಷ್ಟು ಕೋರಿಕೆಗಳು ನಡೆಯಬಹುದೆಂಬುದನ್ನು ಅವು ಎದ್ದು ಕಾಣುವಂತೆ ಹೇಳುವುದಿಲ್ಲ. ಕೆರೆಯಲ್ಲಿ ಎಷ್ಟು ನೀರಿದೆಯೆಂದು ರೈತನಿಗೆ ಕಣ್ಣಾರೆ ಕಾಣುತ್ತಿತ್ತು. ಸರ್ವರಿನ ನೀರು ಯಾರಿಗೂ ಕಾಣದು. ಆದುದರಿಂದ ಅದನ್ನು ಹೇಳುವ ಹೊಣೆ ಹಂಚುವವನ ಮೇಲಿದೆ.

ಸ್ವಂತ ಬಾವಿ ತೋಡಿಸಿದ ಮಾತ್ರಕ್ಕೆ ಚಿಂತೆ ತಪ್ಪುವುದೂ ಇಲ್ಲ. ಅಮೆರಿಕದ ಸರ್ಕಾರವು ಆರೋಗ್ಯ ವಿಮೆಗಾಗಿ 2013ರ ಅಕ್ಟೋಬರ್ 1ರಂದು ದೊಡ್ಡದೊಂದು ಜಾಲತಾಣವನ್ನು ತೆರೆಯಿತು. ಏಕಕಾಲಕ್ಕೆ ಐವತ್ತು ಅರವತ್ತು ಸಾವಿರ ಮಂದಿ ಬಂದಾರೆಂದು ಎಣಿಸಿದ್ದರು. ಬಂದವರು ಎರಡೂವರೆ ಲಕ್ಷ. ತಂತ್ರಾಂಶದ ದೋಷಗಳೂ ಜತೆಗೂಡಿದವು. ಮೊದಲ ದಿನ ವಿಮೆಗೆ ಹೆಸರು ನೋಂದಾಯಿಸಲು ಸಾಧ್ಯವಾದದ್ದು ಕೇವಲ ಆರು ಮಂದಿಗೆ!

ಮುಂದಿನ ವರ್ಷ ನೀವೂ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುವವರು. ನಮ್ಮ ರಾಜ್ಯದಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ಬರೆಯುವ ಈ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಗಳಿಗೆಯಲ್ಲಿ ಅವರೆಲ್ಲರೂ, ಅವರ ತಂದೆತಾಯಿಯರೂ ಒಂದೇ ತೂಬಿನ ಮುಂದೆ ನಿಲ್ಲುತ್ತಾರೆ. ಅಂಕಪಟ್ಟಿಯೊಂದನ್ನು ಅಕ್ಷರಗಳಲ್ಲಿ ತೋರಿಸುವುದಕ್ಕೆ ಬೇಕಾದ ಜಾಗ ಅತ್ಯಲ್ಪ. ಅದರ ಸುತ್ತ ಜೋಡಿಸುವ ಚಿತ್ರಗಳಿಗೆ ಬೇಕಾದದ್ದು ಅದರ ನೂರಾರು ಪಟ್ಟು. ಅಂದಿನ ಮಟ್ಟಿಗಾದರೂ ಚಿತ್ರ, ಅಲಂಕಾರಗಳನ್ನು ಬದಿಗಿಟ್ಟು, ಹೆಸರು ಮತ್ತು ಅಂಕಗಳಷ್ಟನ್ನೇ ತೋರಿಸಬೇಕೆಂದು ನನ್ನ ಅಭಿಪ್ರಾಯ. ದುರ್ಬಲ ಸಂಪರ್ಕದ ಹಳ್ಳಿಯೊಂದರಲ್ಲಿ, ಅಪ್ಪನ ಮೊಬೈಲನ್ನು ಹಿಡಿದು ಕಾದು ಕುಳಿತ ಹುಡುಗಿಗೂ ಆಗ ತನ್ನ ಫಲಿತಾಂಶ ಪಟ್ಟಣದವರ ಜತೆಯಲ್ಲಿಯೇ ತಿಳಿದೀತು.