ಬಿದ್ದ ಹಲ್ಲೂ ಒಂದು ಲೋಟ ಹಾಲೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಹಳೆಯ ವಿದ್ಯಾರ್ಥಿನಿಯರ ಏಳಿಗೆ ಇವೇ ಮೊದಲಾದ ವಿಷಯಗಳನ್ನು ಕುರಿತದ್ದಾಗಿರಬೇಕೆಂದು ವಾಚಕರು ನಿರೀಕ್ಷಿಸುವುದು ಸಹಜವೇ ಸರಿ. ಅವುಗಳನ್ನೆಲ್ಲ ಬಿಟ್ಟು ನಾವು ಹಲ್ಲಿನ ವಿಷಯವನ್ನು ಎತ್ತಿಕೊಂಡೆವೆಂದು ಕೆಲವರು ನಗಬಹುದು. ನಗಲಿ. ನಗುವಾಗ ಬಾಯಿಗೆ ಕೈಯನ್ನು ಅಡ್ಡವಿಟ್ಟುಕೊಳ್ಳಬೇಕಾಗಿ ಬಂದ ಒಬ್ಬ ಹುಡುಗಿಯ ನಿಮಿತ್ತವಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಆ ಬಾಲಿಕೆಯು ಥ್ರೋಬಾಲ್ ಆಡುತ್ತಿರುವಾಗ ಬಲೆಯ ಕಬ್ಬಿಣದ ಕಂಬಕ್ಕೆ ಮುಖ ತಾಗಿ ಬಿದ್ದಳು. ಮೇಲ್ದವಡೆಯ ಮುಂದಿನ ಹಲ್ಲೊಂದು ಬೇರುಸಹಿತವಾಗಿ ಕಳಚಿ ಮಣ್ಣಿನಲ್ಲಿ ಬಿತ್ತು. ನಮ್ಮ ಉಪಾಧ್ಯಾಯಿನಿಯೊಬ್ಬರು ಅದನ್ನು ಹುಡುಕಿ ತಂದು, ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಚೆನ್ನಾಗಿ ತಿಕ್ಕಿ ತೊಳೆದು, ಒಣಗಿದ ಹತ್ತಿಯಲ್ಲಿ ಸುತ್ತಿ, ಲಕೋಟೆಯೊಳಗಿಟ್ಟು ನಮ್ಮ ಮೇಜಿನ ಮೇಲೆ ಇಟ್ಟರು. ಅವರ ಮಮತೆಗೇನೂ ಕೊರತೆಯಿರಲಿಲ್ಲ; ನಾವಾಗಿದ್ದರೂ ಅಂದು ಹಾಗೆಯೇ ಮಾಡುತ್ತಿದ್ದೆವು. ಆ ಮೇಲೆ ತಂದೆಗೆ ದೂರವಾಣಿ ಮಾಡಿದೆವು. ಅವರು ಕೆಲಸದ ಮೇಲೆ ದೂರ ಹೋಗಿದ್ದರು. ತಾಯಿಯಾದರೋ, ಯಜಮಾನರು ಬಾರದೆ ಹೇಗೆ ಕರೆದುಕೊಂಡು ಹೋಗಲಿ ಎಂದರು. ಹೆಣ್ಣುಮಗುವಿನ ವಿಷಯ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ನಾವು ಮುಂದುವರಿಯುವುದು ಹೇಗೆಂದು ನಾವೂ ಕಾದೆವು. ಹೀಗೆ ಎರಡು ಗಂಟೆ ಕಳೆಯಿತು.

ದಂತವೈದ್ಯರು ಲಕೋಟೆಯನ್ನು ಬಿಚ್ಚಿ ನೋಡಿ ಕೇಳಿದ ಪ್ರಶ್ನೆ ಒಂದೇ: “ನಿಮ್ಮಲ್ಲಿ ಹಾಲಿರಲಿಲ್ಲವೆ?”

ನಮ್ಮ ಬೋರ್ಡಿಂಗಿನ ಅಡಿಗೆಯ ಮನೆ ಆಟದ ಬಯಲಿನಿಂದ ಮೂವತ್ತು ಹೆಜ್ಜೆಯ ದೂರದಲ್ಲಿದೆ. ಆ ಹೊತ್ತಿನಲ್ಲಿ ಅಲ್ಲಿ ಒಂದು ಕೊಳಗದ ತುಂಬ ಹಾಲಿತ್ತು.

ಹಾಲಿಗೂ ಹಲ್ಲಿಗೂ ಏನು ಸಂಬಂಧವೆಂದು ಅಂದು ನಮಗೆ ತಿಳಿಯದು. ವೈದ್ಯರು ವಿವರಿಸಿದ ಮೇಲೆ ತಿಳಿಯಿತು. ಹಲ್ಲಿನ ಬೇರನ್ನು ದವಡೆಯ ಎಲುಬಿಗೆ ಕಟ್ಟಿಟ್ಟಿರುವ ಅತಿ ಸೂಕ್ಷ್ಮವಾದ ಪೊರೆಯೊಂದುಂಟು. ಹಲ್ಲು ಕಳಚಿ ಬಿದ್ದಾಗ ಆ ಪೊರೆಯ ಜೀವಕಣಗಳು ಬೇರಿನ ಮೇಲೆಯೇ ಅಂಟಿಕೊಂಡು ಬದುಕಿರುತ್ತವೆ. ಗಾಳಿಗೆ ಒಣಗಿದರೆ ಅವು ಬೇಗನೆ ಸಾಯತೊಡಗಿ, ಒಂದು ಗಂಟೆಯಾಗುವಷ್ಟರಲ್ಲಿ ಬದುಕಿ ಉಳಿಯುವ ಆಶೆ ಬಹುಮಟ್ಟಿಗೆ ಹೋಗುತ್ತದೆ. ತಿಕ್ಕಿ ತೊಳೆದರಂತೂ ಪೊರೆಯೇ ಕಿತ್ತುಹೋಗುತ್ತದೆ. ಹಾಲಿನಲ್ಲಿಟ್ಟರೆ ಅವು ಕೆಲವು ಕಾಲ ಜೀವ ಹಿಡಿದುಕೊಂಡಿರುತ್ತವೆ. ನೀರಿನಲ್ಲಿಟ್ಟರೆ ಉಬ್ಬಿ ಒಡೆಯುತ್ತವೆ. ಆದರೂ ಒಣಗಲು ಬಿಡುವುದಕ್ಕಿಂತ ನೀರೇ ಮೇಲು. ಸ್ಪಿರಿಟ್ಟು, ಟಿಂಕ್ಚರು ಮುಂತಾದವುಗಳಲ್ಲಿ ಎಂದಿಗೂ ಅದ್ದಬಾರದು. ನಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಅಂದು ಇದ್ದದ್ದು ಅವೆರಡೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಎಲ್ಲಕ್ಕಿಂತಲೂ ಉತ್ತಮವಾದ ಪಾತ್ರೆ ಆ ಹಲ್ಲು ಇದ್ದ ಸ್ಥಳವೇ. ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನು ಮಾತ್ರ ಹಿಡಿದು, ಮಣ್ಣು ಅಂಟಿದ್ದರೆ ಹಾಲಿನಲ್ಲಿ ಮೆಲ್ಲನೆ ಅಲುಗಿಸಿ, ಮುಂಭಾಗವು ಮುಂದಕ್ಕೇ ಇರುವಂತೆ ನೋಡಿಕೊಂಡು, ಆ ಕ್ಷಣವೇ ಹಳ್ಳದಲ್ಲಿ ಕೂಡಿಸಿ, ಶುಭ್ರವಾದ ಕೈವಸ್ತ್ರವನ್ನು ಕಚ್ಚಿಕೊಳ್ಳಹೇಳಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಇದನ್ನು ಕೇಳಿದಾಗ ನಮ್ಮ ಉಪಾಧ್ಯಾಯಿನಿಯರಲ್ಲಿ ಇಬ್ಬರು ಕಣ್ಣು ಮುಚ್ಚಿಕೊಂಡರು. ಧೈರ್ಯ ಸಾಲದವರಿಗೆ ಹಾಲಿನ ಲೋಟವಿದೆ. ಹಾಲೂ ಸಿಕ್ಕದ ಕಡೆ ಮಗುವು ಲೋಟದೊಳಕ್ಕೆ ಉಗುಳಿದ ಎಂಜಲಲ್ಲಿಯಾದರೂ ಇಡಬಹುದು. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ, ಇಲ್ಲವೆ ತಲೆಗೆ ಪೆಟ್ಟಾಗಿ ವಾಂತಿಯಾಗುತ್ತಿದ್ದರೆ, ಹಲ್ಲಿನ ಗೊಡವೆಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇದೆಲ್ಲ ಮರಳಿ ಹುಟ್ಟದ ಹಲ್ಲಿಗೆ ಮಾತ್ರ ಅನ್ವಯಿಸುವ ಮಾತು. ಹಾಲುಹಲ್ಲು ಬಿದ್ದರೆ ಅದನ್ನು ತಿರುಗಿ ಕೂಡಿಸಬಾರದು. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಅದರಿಂದ ಕೇಡಾಗುತ್ತದೆ. ಅದನ್ನು ನಮ್ಮ ಅಜ್ಜಿಯರು ಕಲಿಸಿದಂತೆ ಹೆಂಚಿನ ಮೇಲಕ್ಕೆ ಎಸೆದರೆ ನಮ್ಮ ಅಡ್ಡಿಯಿಲ್ಲ. ಆದರೆ ಮೇಲಿನ ಮುಂದಿನ ಹಲ್ಲುಗಳು ಏಳೆಂಟು ವರ್ಷಕ್ಕೇ ಹುಟ್ಟಿಬಿಡುತ್ತವೆಂಬುದನ್ನು ತಾಯಂದಿರು ನೆನಪಿಡಬೇಕು. ಪ್ರೌಢಶಾಲೆಗೆ ಬರುವ ಹುಡುಗಿಗೆ ಅವು ಕಡೆಯ ಹಲ್ಲುಗಳು. ಮುರಿದ ತುಂಡು ಸಿಕ್ಕಿದರೆ ಅದನ್ನೂ ಒಣಗಗೊಡದೆ ಒಯ್ಯಿರಿ; ಎಷ್ಟೋ ಸಲ ಅದನ್ನೇ ಅಂಟಿಸಬಹುದಂತೆ.

ನಮ್ಮ ಬಾಲಿಕೆಯ ಹಲ್ಲನ್ನು ವೈದ್ಯರು ತಡವಾದರೂ ಬಿಡದೆ ಕೂಡಿಸಿ, ಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದರು. ಅದು ಕೆಲವು ವರ್ಷ ನಿಂತಿತು. ಆದರೆ ಪೊರೆ ಸತ್ತಿದ್ದುದರಿಂದ ಎಲುಬು ಬೇರನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತು. ಅವಳು ಬೆಳೆದಂತೆ ಉಳಿದ ಹಲ್ಲುಗಳು ಕೆಳಗಿಳಿದು ಬಂದವು. ಅದೊಂದು ಮಾತ್ರ ಇದ್ದಲ್ಲಿಯೇ ಉಳಿದು ಗಿಡ್ಡವಾಗಿ ಕಂಡಿತು. ಈಗ ಅವಳು ಕಾಲೇಜಿನಲ್ಲಿ ಓದುತ್ತಾಳೆ, ಕೃತಕ ದಂತವನ್ನು ಇಟ್ಟುಕೊಂಡಿದ್ದಾಳೆ. ಕ್ರಿಸ್ಮಸ್ಸಿಗೆ ನಮ್ಮನ್ನು ನೋಡಲು ಬಂದಾಗ ಮೊದಲಿನಂತೆಯೇ ಪ್ರೀತಿಯಿಂದ ಮಾತನಾಡುತ್ತಾಳೆ. ನಗು ಬಂದಾಗ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ.

ವೈದ್ಯರಿಲ್ಲದ ನಾಡಾಗಿದ್ದರೆ ದೈವವನ್ನು ದೂರಬಹುದಾಗಿತ್ತು. ಡಾಕ್ಟರ್ ಆರ್. ಅಹಮ್ಮದರು 1920ರಲ್ಲಿ ಕಲ್ಕತ್ತೆಯಲ್ಲಿ ದಂತವೈದ್ಯ ವಿದ್ಯಾಲಯವನ್ನು ಸ್ಥಾಪಿಸಿದ ಕಾಲದಲ್ಲಿ ನಮ್ಮ ಕಡೆಯ ಜನರಿಗೆ ಅಂಥವರ ಸಹಾಯ ದುರ್ಲಭವಾಗಿತ್ತು. ಮಣಿಪಾಲದಲ್ಲಿ 1953ರಲ್ಲಿಯೂ ಬೆಂಗಳೂರಿನಲ್ಲಿ 1958ರಲ್ಲಿಯೂ ವಿದ್ಯಾಲಯಗಳು ಏರ್ಪಟ್ಟು, ಇಂದು ಜಿಲ್ಲೆಯ ಪಟ್ಟಣಗಳಲ್ಲೆಲ್ಲ ದಂತವೈದ್ಯರಿದ್ದಾರೆ. ಆದರೆ ಆ ಮೊದಲಿನ ಅರ್ಧ ಗಂಟೆ ವೈದ್ಯರ ಕೈಯಲ್ಲಿಲ್ಲ. ಅದು ಹತ್ತಿರ ನಿಂತವರ ಕೈಯಲ್ಲಿದೆ. ಆದುದರಿಂದಲೇ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇವೆ: ಅಂಥ ಸಮಯದಲ್ಲಿ ತಂದೆಯ ಅಪ್ಪಣೆಗಾಗಿ ಕಾಯುವ ವಾಡಿಕೆ ತಪ್ಪು. ನಾವು ಅಂದು ಕಾದದ್ದೂ ತಪ್ಪೇ.

ಉಪಾಧ್ಯಾಯಿನಿಯರೇನು ವೈದ್ಯರೇ, ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಬಾಲಿಕೆಯ ಸೀರೆಗೆ ಬೆಂಕಿ ತಗಲಿದಾಗ ಯಾರೂ ಅಪ್ಪಣೆಗಾಗಿ ಕಾಯುವುದಿಲ್ಲವಷ್ಟೆ. ಸುಮ್ಮನಿರುವುದಕ್ಕೂ ಒಂದು ಹೊಣೆಯುಂಟು, ಅದನ್ನು ಇಲ್ಲಿ ನಾವು ಹೊತ್ತಿದ್ದೇವೆ.

ಪೆಟ್ಟಿನ ಮಾತು ಹಾಗಿರಲಿ. ನೋವಿನ ಮಾತು ಇನ್ನೂ ಕಷ್ಟದ್ದು, ಏಕೆಂದರೆ ನೋವನ್ನು ಹುಡುಗಿಯರು ಹೇಳುವುದೇ ಇಲ್ಲ. ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುವುದೆಂದೂ, ಹುಳುಕು ಹಲ್ಲಿನವಳೆಂಬ ಹೆಸರು ಬಂದರೆ ಮುಂದೆ ತೊಡಕಾಗುವುದೆಂದೂ ಮನೆಯಲ್ಲಿ ಕೇಳಿ ಬಂದಿರುತ್ತಾರೆ. ಮೊದಲನೆಯದು ಸುಳ್ಳು; ಎರಡನೆಯದು ಸುಳ್ಳಾಗಲೆಂದು ಆಶಿಸುತ್ತೇವೆ. ಬೋರ್ಡಿಂಗಿನ ಹುಡುಗಿಯೊಬ್ಬಳು ಪರೀಕ್ಷೆಯ ಮುಂಚೆ ದವಡೆಯ ಹಲ್ಲಿಗೆ ಲವಂಗದ ಎಣ್ಣೆಯನ್ನು ಹಚ್ಚಿ ಹಚ್ಚಿ ಒಸಡನ್ನು ಸುಟ್ಟುಕೊಂಡಿದ್ದಳು. ಒಂದು ದಿನ ನೋವು ತಾನಾಗಿಯೇ ನಿಂತಿತೆಂದು ಸಂತೋಷಪಟ್ಟಳು. ನಿಂತದ್ದು ನೋವು ಮಾತ್ರ. ಹಲ್ಲಿನೊಳಗಿನ ನರ ಸತ್ತು ಕೀವು ಕೆಳಕ್ಕೆ ಇಳಿಯುತ್ತಿತ್ತು. ಕೆನ್ನೆ ಊದಿದಾಗ ಗೆಳತಿಯರು ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟರು, ಅದನ್ನೂ ಮಾಡಬಾರದಾಗಿತ್ತು. ಮೂರನೆಯ ರಾತ್ರಿ ಗದ್ದದ ಕೆಳಗೆ ಗಟ್ಟಿಯಾಗಿ ಬಾತುಕೊಂಡು, ಬಾಯಿ ತೆರೆಯಲಾರದೆ, ಉಗುಳನ್ನು ನುಂಗಲಾರದೆ, ಜ್ವರದಿಂದ ನಡುಗುತ್ತಿದ್ದವಳನ್ನು ಆಯಾ ನಮ್ಮ ಬಾಗಿಲಿಗೆ ಕರೆತಂದಳು. ಅಂದು ನಾವು ಯಾರ ಅಪ್ಪಣೆಗೂ ಕಾಯಲಿಲ್ಲ.

ಜರ್ಮನಿಯ ಲೂಡ್ವಿಗ್ ಎಂಬ ವೈದ್ಯರು 1836ರಲ್ಲಿಯೇ ವರ್ಣಿಸಿದ ವ್ಯಾಧಿಯಿದು. ಬಾವು ನಾಲಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಆಸ್ಪತ್ರೆಯಲ್ಲಿ ಕೀವನ್ನು ತೆಗೆದು ಔಷಧ ಕೊಟ್ಟರು, ಹುಡುಗಿ ಉಳಿದಳು. ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗಿಸಿ ಬೆಳಗಾಗಲಿ ನೋಡೋಣವೆಂದು ಕುಳಿತಿದ್ದರೆ ಏನಾಗುತ್ತಿತ್ತೋ ನೆನೆಯಲಾರೆವು. ಹಲ್ಲುನೋವಿನ ಸಂಗಡ ಮುಖ ಊದಿ ಜ್ವರ ಬಂದರೆ ಆ ದಿನವೇ ವೈದ್ಯರನ್ನು ಕಾಣಬೇಕು. ನುಂಗುವುದಕ್ಕೆ, ಬಾಯಿ ತೆರೆಯುವುದಕ್ಕೆ, ಉಸಿರಾಡುವುದಕ್ಕೆ ಕಷ್ಟವಾದರೆ, ಇಲ್ಲವೆ ಬಾವು ಕಣ್ಣಿನವರೆಗೆ ಏರಿದರೆ, ಮಧ್ಯರಾತ್ರಿಯಾದರೂ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಈ ಸಂಚಿಕೆಯ ಜತೆಗೆ ಪೋಷಕರಿಗೆ ಒಂದು ಒಪ್ಪಿಗೆಯ ಪತ್ರವನ್ನು ಕಳುಹಿಸುತ್ತಿದ್ದೇವೆ. ಅಪಘಾತವಾದರೆ ಬಾಲಿಕೆಯನ್ನು ಕೂಡಲೆ ವೈದ್ಯರ ಬಳಿಗೆ ಕರೆದೊಯ್ಯಲು ನಮಗೆ ಅಧಿಕಾರ ಕೊಡುವ ಎರಡು ಸಾಲು ಅದರಲ್ಲಿವೆ. ಧನುರ್ವಾಯುವಿನ ಚುಚ್ಚುಮದ್ದು ಕಡೆಯದಾಗಿ ಯಾವಾಗ ಹಾಕಿಸಿತೆಂಬುದನ್ನೂ ಬರೆಯಬೇಕು. ತಂದೆ ಊರಲ್ಲಿಲ್ಲದಿದ್ದರೆ ತಾಯಿಯ ರುಜು ಸಾಕು. ಶಾಲೆ ತಿರುಗಿ ತೆರೆಯುವ ದಿನ ಅದನ್ನು ತಂದೊಪ್ಪಿಸಬೇಕಾಗಿ ಬೇಡುತ್ತೇವೆ. ಅಡಿಗೆಯಮ್ಮನಿಗೂ ಆಟದ ಹೊತ್ತಿನಲ್ಲಿ ಒಂದು ಲೋಟ ಹಾಲನ್ನು ಎತ್ತಿಟ್ಟಿರಲು ಹೇಳಿದ್ದಾಗಿದೆ. ಅವರು ಒಪ್ಪಿದ್ದಾರೆ, ಯಾರೂ ಬೀಳದ ದಿನ ಆ ಹಾಲನ್ನು ಮೊಸರಿಗೆ ಹಾಕಬಹುದೇ ಎಂದು ಮಾತ್ರ ಕೇಳಿದರು. ಹಾಕಬಹುದೆಂದೆವು.